ಹಾಲಿನ ಸುರಕ್ಷತೆ, ಪೌಷ್ಟಿಕತೆ ಹಾಗೂ ದಿನಬಳಕೆ: ತೇರದಾಳ ಭಾಗದ ಸಾರ್ವಜನಿಕರಿಗೆ ಮಾಹಿತಿ

ಬಾಗಲಕೋಟೆ ಜಿಲ್ಲೆಯ ತೇರದಾಳ ಮತ್ತು ಸುತ್ತಲಿನ ಗ್ರಾಮಗಳಲ್ಲಿ ಹೈನುಗಾರಿಕೆಯು ಕೃಷಿಗೆ ಪೂರಕವಾದ ಉದ್ಯೋಗವಾಗಿದೆ. ಈ ಭಾಗದ ಕುಟುಂಬಗಳಿಗೆ ಹಾಲು ಮೂರು ಬಗೆಯಲ್ಲಿ ದೊರೆಯುತ್ತದೆ: ಸ್ವಂತ ಜಾನುವಾರುಗಳಿಂದ, ಮನೆಗೆ ತಂದುಕೊಡುವ ಬಿಡಿ ಹಾಲಿನ ಮಾರಾಟಗಾರರಿಂದ ಹಾಗೂ ಪೊಟ್ಟಣದ ರೂಪದಲ್ಲಿ ಅಂಗಡಿಗಳಿಂದ. ಬಾಗಲಕೋಟೆ ಜಿಲ್ಲೆಯು 1997ರಲ್ಲಿ ಪ್ರತ್ಯೇಕಗೊಂಡಿದ್ದರೂ ಸಹಕಾರಿ ಹಾಲು ಒಕ್ಕೂಟವು ವಿಜಯಪುರ ಹಾಗೂ ಬಾಗಲಕೋಟೆ ಎರಡೂ ಜಿಲ್ಲೆಗಳಿಗೆ ಒಂದೇ ಆಗಿ ಮುಂದುವರಿದಿದೆ. ಹಾಲು ಎಲ್ಲಿಂದಲೇ ಬಂದರೂ ಅದರ ಗುಣಮಟ್ಟವನ್ನು ಅರಿಯುವುದು ಗ್ರಾಹಕರ ಹಕ್ಕಾಗಿರುತ್ತದೆ.

ಗುಣಮಟ್ಟದ ಮಾನದಂಡ

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಅಡಿಯಲ್ಲಿ ಹಸುವಿನ ಹಾಲಿನಲ್ಲಿ ಕನಿಷ್ಠ ಶೇ. 3.2 ಜಿಡ್ಡು ಹಾಗೂ ಶೇ. 8.3 ಜಿಡ್ಡೇತರ ಘನಾಂಶ ಇರತಕ್ಕದ್ದು. ಟೋನ್ಡ್ ಹಾಲಿಗೆ ಇವು ಕ್ರಮವಾಗಿ ಶೇ. 3.0 ಮತ್ತು ಶೇ. 8.5 ಆಗಿರುತ್ತವೆ. ಎಮ್ಮೆಯ ಹಾಲಿನಲ್ಲಿ ಜಿಡ್ಡು ಹೆಚ್ಚಾಗಿದ್ದು, ಜಿಡ್ಡೇತರ ಘನಾಂಶವು ಕನಿಷ್ಠ ಶೇ. 9.0 ಇರಬೇಕು.

ನೀರು ಬೆರೆಸಿದಾಗ ಆಗುವ ನಷ್ಟವನ್ನು ಲೆಕ್ಕದಿಂದ ತಿಳಿಯಬಹುದು. ಶೇ. 8.5 ಘನಾಂಶವಿರುವ ಒಂದು ಲೀಟರ್ ಹಾಲಿಗೆ ಕಾಲು ಲೀಟರ್ ನೀರು ಬೆರೆಸಿದಲ್ಲಿ ಘನಾಂಶವು ಶೇ. 6.8ಕ್ಕೆ ಇಳಿಯುತ್ತದೆ. ಅಂದರೆ ಗ್ರಾಹಕರು ಹಣ ಕೊಟ್ಟು ಕೊಂಡ ಪ್ರತಿ ಲೀಟರಿನಲ್ಲಿ 200 ಮಿ.ಲೀ. ನೀರೇ ಇರುತ್ತದೆ. ಬೆರೆಸಿದ ನೀರು ಅಶುದ್ಧವಾಗಿದ್ದಲ್ಲಿ ರೋಗಾಣುಗಳೂ ಅದರೊಂದಿಗೆ ಸೇರುತ್ತವೆ.

ಕಾಯಿಸುವುದು ಏಕೆ ಅಗತ್ಯ

ಹಸಿ ಹಾಲಿನ ಮೂಲಕ ಕ್ಷಯ, ಬ್ರುಸೆಲ್ಲೋಸಿಸ್ ಮುಂತಾದ ರೋಗಗಳು ಮನುಷ್ಯರಿಗೆ ಹರಡಬಹುದು. ಕಂದು ಹಾಕಿದ ಆಕಳು ಅಥವಾ ಎಮ್ಮೆಯ ಹಾಲನ್ನು ಪಶುವೈದ್ಯರ ಸಲಹೆ ಇಲ್ಲದೆ ಬಳಸಬಾರದು. ಡೇರಿಗಳಲ್ಲಿ ಹಾಲನ್ನು 72 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ 15 ಸೆಕೆಂಡುಗಳ ಕಾಲ ಇರಿಸಿ ತಕ್ಷಣ ತಂಪುಗೊಳಿಸುವ ಕ್ರಮಕ್ಕೆ ಪಾಶ್ಚರೀಕರಣ ಎನ್ನುತ್ತಾರೆ. ಬಿಡಿ ಹಾಲಿಗೆ ಈ ಸಂಸ್ಕರಣೆ ಆಗಿರುವುದಿಲ್ಲವಾದ್ದರಿಂದ ಅದನ್ನು ಚೆನ್ನಾಗಿ ಉಕ್ಕುವವರೆಗೆ ಕಾಯಿಸಿಯೇ ಬಳಸತಕ್ಕದ್ದು. ಗಿಣ್ಣವನ್ನೂ ಪೂರ್ಣವಾಗಿ ಬೇಯಿಸಬೇಕು. ಅದಕ್ಕೂ ಮೊದಲು ಕರುವಿಗೆ ಸಾಕಷ್ಟು ಗಿಣ್ಣದ ಹಾಲು ದೊರೆತಿರಬೇಕು.

ಕಾಯಿಸುವುದರಿಂದ ಎಲ್ಲ ದೋಷಗಳೂ ನಿವಾರಣೆಯಾಗುವುದಿಲ್ಲ. ಬೂಷ್ಟು ಹಿಡಿದ ಶೇಂಗಾ ಹಿಂಡಿ, ಹತ್ತಿಕಾಳು ಹಿಂಡಿ ಅಥವಾ ಗೋವಿನಜೋಳವನ್ನು ಜಾನುವಾರುಗಳಿಗೆ ತಿನ್ನಿಸಿದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷಾಂಶವು ಹಾಲಿಗೆ ಬರುತ್ತದೆ. ಇದು ಕುದಿಸಿದರೂ ನಾಶವಾಗದು. ಚಿಕಿತ್ಸೆಯಲ್ಲಿರುವ ಜಾನುವಾರಿನ ಹಾಲನ್ನು ಪಶುವೈದ್ಯರು ಸೂಚಿಸಿದ ಅವಧಿ ಮುಗಿಯುವವರೆಗೆ ಮಾರಾಟ ಮಾಡಬಾರದು.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳು

1. ನೀರು: ನುಣುಪಾದ ಇಳಿಜಾರು ಮೇಲ್ಮೈಯ ಮೇಲೆ ಒಂದು ಹನಿ ಹಾಲು ಹಾಕಬೇಕು. ಶುದ್ಧ ಹಾಲು ನಿಧಾನವಾಗಿ ಇಳಿದು ಬಿಳಿ ಗೆರೆ ಉಳಿಸುತ್ತದೆ. ನೀರು ಬೆರೆತ ಹಾಲು ಗುರುತು ಉಳಿಸದೆ ಬೇಗ ಹರಿಯುತ್ತದೆ.
2. ಪಿಷ್ಟ: ಕಾಯಿಸಿ ಆರಿಸಿದ ಹಾಲಿಗೆ ಎರಡು ಮೂರು ಹನಿ ಅಯೋಡಿನ್ ದ್ರಾವಣ ಹಾಕಿದಾಗ ನೀಲಿ ಬಣ್ಣ ಬಂದರೆ ಪಿಷ್ಟ ಬೆರೆತಿದೆ ಎಂದು ತಿಳಿಯಬೇಕು.
3. ಮಾರ್ಜಕ: ಹಾಲಿಗೆ ಸಮಪ್ರಮಾಣದ ನೀರು ಬೆರೆಸಿ ಜೋರಾಗಿ ಅಲುಗಾಡಿಸಿದಾಗ ದಟ್ಟವಾದ ನೊರೆ ನಿಂತರೆ ಸಂಶಯಕ್ಕೆ ಕಾರಣವಿದೆ.
4. ಯೂರಿಯಾ: 5 ಮಿ.ಲೀ. ಹಾಲಿಗೆ ಅರ್ಧ ಚಮಚ ತೊಗರಿಬೇಳೆ ಹಿಟ್ಟು ಬೆರೆಸಿ ಅಲುಗಾಡಿಸಿ, 5 ನಿಮಿಷಗಳ ನಂತರ ಕೆಂಪು ಲಿಟ್ಮಸ್ ಕಾಗದವನ್ನು ಅರ್ಧ ನಿಮಿಷ ಅದ್ದಬೇಕು. ಕಾಗದ ನೀಲಿಯಾದರೆ ಯೂರಿಯಾ ಬೆರೆತಿರಬಹುದು.

ಇವು ಪ್ರಾಥಮಿಕ ಸೂಚನೆಗಳು ಮಾತ್ರ. ಲ್ಯಾಕ್ಟೋಮೀಟರ್ ಅಳತೆಯೊಂದನ್ನೇ ನಂಬುವುದೂ ಸರಿಯಲ್ಲ. ನೀರಿನೊಂದಿಗೆ ಸಕ್ಕರೆ ಬೆರೆಸಿದಲ್ಲಿ ಅಳತೆ ಸರಿಯಾಗಿಯೇ ಕಾಣುತ್ತದೆ. ಮಾರಾಟಗಾರರ ಮೇಲೆ ಆರೋಪ ಹೊರಿಸುವ ಮೊದಲು ಪ್ರಯೋಗಾಲಯದ ವರದಿ ಪಡೆಯುವುದು ಸೂಕ್ತ.

ಪೌಷ್ಟಿಕತೆ ಮತ್ತು ಬಳಕೆ

200 ಮಿ.ಲೀ. ಹಸುವಿನ ಹಾಲಿನಲ್ಲಿ ಸುಮಾರು 240 ಮಿ.ಗ್ರಾಂ. ಕ್ಯಾಲ್ಸಿಯಂ ಹಾಗೂ 6 ಗ್ರಾಂ.ಗೂ ಅಧಿಕ ಪ್ರೋಟೀನ್ ದೊರೆಯುತ್ತದೆ. ಆದರೆ ಹಾಲಿನಲ್ಲಿ ಕಬ್ಬಿಣಾಂಶ ಅತ್ಯಲ್ಪ. ಆದ್ದರಿಂದ ಸೊಪ್ಪು, ಕಾಳುಗಳನ್ನು ಬಿಟ್ಟು ಹಾಲನ್ನೇ ಅವಲಂಬಿಸಬಾರದು. ಮೊದಲ 6 ತಿಂಗಳು ಶಿಶುವಿಗೆ ತಾಯಿಯ ಹಾಲು ಮಾತ್ರ ಸಾಕು. ಒಂದು ವರ್ಷದೊಳಗಿನ ಮಗುವಿಗೆ ಆಕಳ ಅಥವಾ ಎಮ್ಮೆಯ ಹಾಲನ್ನು ತಾಯಿಯ ಹಾಲಿಗೆ ಬದಲಾಗಿ ಕೊಡಬಾರದು. ಶಾಲಾ ಮಕ್ಕಳಿಗಾಗಿ ರಾಜ್ಯ ಸರ್ಕಾರವು 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಯೋಜನೆಯನ್ನು ಆರಂಭಿಸಿತು.

ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಮೊಸರು ಸಾಮಾನ್ಯವಾಗಿ ಒಗ್ಗುತ್ತದೆ. ಹೆಪ್ಪಿನಲ್ಲಿರುವ ಸೂಕ್ಷ್ಮಾಣುಗಳು ಹಾಲಿನ ಸಕ್ಕರೆಯ ಒಂದು ಭಾಗವನ್ನು ಆಮ್ಲವಾಗಿ ಪರಿವರ್ತಿಸಿರುತ್ತವೆ. ಜೋಳದ ರೊಟ್ಟಿಯೊಂದಿಗೆ ಮೊಸರು, ಬೇಸಿಗೆಯಲ್ಲಿ ಮಜ್ಜಿಗೆ ಬಳಸುವ ಈ ಭಾಗದ ರೂಢಿಯು ಪೌಷ್ಟಿಕ ದೃಷ್ಟಿಯಿಂದಲೂ ಉತ್ತಮವಾಗಿದೆ. ಕಾಯಿಸಿದ ಹಾಲನ್ನು ಬೇಗ ಆರಿಸಿ, ಮುಚ್ಚಿದ ಪಾತ್ರೆಯಲ್ಲಿ ಸಾಧ್ಯವಾದಲ್ಲಿ 5 ಡಿಗ್ರಿಗಿಂತ ಕಡಿಮೆ ಉಷ್ಣಾಂಶದಲ್ಲಿ ಇರಿಸಬೇಕು. ಶೀತಕ ಪೆಟ್ಟಿಗೆ ಇಲ್ಲದಿದ್ದಲ್ಲಿ ಉಳಿದ ಹಾಲಿಗೆ ಆಯಾ ದಿನವೇ ಹೆಪ್ಪು ಹಾಕುವುದು ಒಳ್ಳೆಯದು.

ಪರೀಕ್ಷೆ ಹಾಗೂ ನೋಂದಣಿ

ಕಾಯ್ದೆಯ ಕಲಂ 40ರ ಪ್ರಕಾರ ಯಾವುದೇ ಗ್ರಾಹಕರು ನಿಗದಿತ ಶುಲ್ಕ ಪಾವತಿಸಿ ತಾವು ಕೊಂಡ ಹಾಲನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಪರೀಕ್ಷೆ ಮಾಡಿಸುವ ಉದ್ದೇಶವನ್ನು ಕೊಳ್ಳುವ ಸಮಯದಲ್ಲಿಯೇ ಮಾರಾಟಗಾರರಿಗೆ ತಿಳಿಸುವುದು ಕಡ್ಡಾಯ. ಹಾಲು ಕಾಯ್ದೆಗೆ ಅನುಗುಣವಾಗಿಲ್ಲವೆಂದು ವರದಿ ಬಂದಲ್ಲಿ ಶುಲ್ಕವನ್ನು ಮರಳಿ ಪಡೆಯಲು ಗ್ರಾಹಕರು ಅರ್ಹರಾಗಿರುತ್ತಾರೆ.

ಹಾಲು ಮಾರಾಟಗಾರರು ಫಾಸ್ಕಾಸ್ ಅಂತರ್ಜಾಲ ತಾಣದ ಮೂಲಕ ನೋಂದಣಿ ಅಥವಾ ಪರವಾನಗಿ ಪಡೆದು, 14 ಅಂಕಿಗಳ ಸಂಖ್ಯೆಯನ್ನು ಹೊಂದಿರಬೇಕು. ಸಹಕಾರ ಸಂಘದ ನೋಂದಾಯಿತ ಸದಸ್ಯರಾಗಿದ್ದು, ತಮ್ಮ ಎಲ್ಲ ಹಾಲನ್ನು ಸಂಘಕ್ಕೇ ಹಾಕುವ ಉತ್ಪಾದಕರಿಗೆ ನೋಂದಣಿಯಿಂದ ವಿನಾಯಿತಿ ಇದೆ. ಸ್ವಲ್ಪ ಹಾಲನ್ನು ಸಂಘಕ್ಕೆ ಹಾಕಿ ಉಳಿದದ್ದನ್ನು ಹೊರಗೆ ಮಾರುವವರಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ.

ದೂರು ಸಲ್ಲಿಸುವವರು ಹಾಲು ಕೊಂಡ ದಿನಾಂಕ, ಸ್ಥಳ ಹಾಗೂ ಪೊಟ್ಟಣವಾಗಿದ್ದಲ್ಲಿ ಅದರ ಮೇಲಿನ ಬ್ಯಾಚ್ ಸಂಖ್ಯೆಯನ್ನು ನಮೂದಿಸಿ ಆಹಾರ ಸುರಕ್ಷತಾ ಅಧಿಕಾರಿಗಳು ಅಥವಾ ಜಿಲ್ಲಾ ಅಂಕಿತಾಧಿಕಾರಿಗಳನ್ನು ಸಂಪರ್ಕಿಸಬಹುದು. ಸಾರ್ವಜನಿಕರು ಈ ಸೌಲಭ್ಯಗಳ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.