ಹಳೆಯ ಆರ್.ಸಿ.ಎಲ್. ಟ್ಯಾಂಕ್ ನಿರೋಧಕ ಗನ್‌ಗಳ ಸಂಗ್ರಹ: ಅರ್ಜಿದಾರರ ಗಮನಕ್ಕೆ

ಹಳೆಯ ಯುದ್ಧೋಪಕರಣಗಳನ್ನು ಸಂಗ್ರಹಿಸುವ ಹವ್ಯಾಸವುಳ್ಳವರು, ಸ್ಮಾರಕ ನಿರ್ಮಿಸಬಯಸುವ ಸಂಘ-ಸಂಸ್ಥೆಗಳು ಹಾಗೂ ಗುಜರಿ ವ್ಯಾಪಾರಿಗಳ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಸೇನೆಯಲ್ಲಿ ಆರ್.ಸಿ.ಎಲ್. ಎಂದು ಕರೆಯಲ್ಪಡುವ ರಿಕಾಯಿಲ್‌ಲೆಸ್ ಗನ್, ಅಂದರೆ ಹಿಂದಕ್ಕೆ ಒದೆಯದ ಫಿರಂಗಿ, ಎಷ್ಟೇ ಹಳೆಯದಾಗಿದ್ದರೂ ಸಾಮಾನ್ಯ ಬಂದೂಕು ಪರವಾನಗಿಯ ವ್ಯಾಪ್ತಿಗೆ ಬರುವುದಿಲ್ಲ ಎಂಬುದನ್ನು ಮೊದಲಿಗೇ ತಿಳಿಯಪಡಿಸಲಾಗಿದೆ.

ಸಾಮಾನ್ಯ ಫಿರಂಗಿಯು ಗುಂಡನ್ನು ಮುಂದಕ್ಕೆ ದೂಡಿದಷ್ಟೇ ಬಲದಿಂದ ತಾನು ಹಿಂದಕ್ಕೆ ಒದೆಯುತ್ತದೆ. ಆ ಒದೆತವನ್ನು ತಾಳಿಕೊಳ್ಳಲು ಭಾರವಾದ ಚೌಕಟ್ಟು ಬೇಕು. ಎರಡನೆಯ ಮಹಾಯುದ್ಧದ ಬ್ರಿಟಿಷ್ 17 ಪೌಂಡರ್ ಟ್ಯಾಂಕ್ ನಿರೋಧಕ ಫಿರಂಗಿಯ ತೂಕ ಸುಮಾರು 3 ಟನ್. ಮೊದಲನೆಯ ಮಹಾಯುದ್ಧಕ್ಕೆ ತುಸು ಮೊದಲು ಅಮೆರಿಕದ ನೌಕಾಧಿಕಾರಿ ಕ್ಲೀಲ್ಯಾಂಡ್ ಡೇವಿಸ್ ರೂಪಿಸಿದ ಗನ್ನಿನಲ್ಲಿ ಗುಂಡು ಮುಂದಕ್ಕೆ ಹಾರಿದಾಗ ಸೀಸದ ಚೂರು ಮತ್ತು ಗ್ರೀಸಿನ ಸಮತೂಕದ ಮುದ್ದೆ ಹಿಂದಕ್ಕೆ ಹಾರುತ್ತಿತ್ತು. ನಂತರದ ಆರ್.ಸಿ.ಎಲ್. ಗನ್‌ಗಳಲ್ಲಿ ಆ ಮುದ್ದೆಯ ಕೆಲಸವನ್ನು ಸಿಡಿಮದ್ದಿನ ಅನಿಲವೇ ಮಾಡುತ್ತದೆ. ತೋಟೆಯ ಮೈತುಂಬ ಇರುವ ರಂಧ್ರಗಳ ಮೂಲಕ ಹೊರಬಿದ್ದ ಅನಿಲ ಗನ್ನಿನ ಹಿಂಬದಿಯ ಬಾಯಿಗಳಿಂದ ರಭಸವಾಗಿ ನುಗ್ಗುತ್ತದೆ. ಲೆಕ್ಕಪುಸ್ತಕದ ಎರಡು ಬದಿಗಳಂತೆ ಮುಂದಿನದೂ ಹಿಂದಿನದೂ ಸರಿದೂಗಿ, ಗನ್ನು ಇದ್ದಲ್ಲಿಯೇ ನಿಲ್ಲುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು: ಸಿಡಿಮದ್ದಿನ ಬಹುಪಾಲು ಹಿಂದಕ್ಕೇ ವ್ಯಯವಾಗುತ್ತದೆ, ಗನ್ನಿನ ಹಿಂದೆ ನಿಂತವರಿಗೆ ಆ ಜ್ವಾಲೆ ಮಾರಕ, ಎದ್ದ ಧೂಳು ಗನ್ನು ಇರುವ ಜಾಗವನ್ನು ಶತ್ರುವಿಗೆ ತೋರಿಸಿಕೊಡುತ್ತದೆ.

ಭಾರತೀಯರಿಗೆ ಪರಿಚಿತವಾದುದು ಅಮೆರಿಕ ಮೂಲದ 106 ಮಿ.ಮೀ. ಗನ್. ಅದರ ವಾಸ್ತವಿಕ ವ್ಯಾಸ 105 ಮಿ.ಮೀ.; ಅದಕ್ಕೆ ಹಿಂದಿನ ವಿಫಲ ಮಾದರಿಯ ಮದ್ದುಗುಂಡಿನೊಡನೆ ಗೊಂದಲವಾಗದಿರಲೆಂದು ಹೆಸರಿನಲ್ಲಿ ಒಂದು ಅಂಕಿ ಹೆಚ್ಚಿಸಲಾಯಿತು. ಸುಮಾರು 210 ಕಿ.ಗ್ರಾಂ. ತೂಕದ ಈ ಗನ್ನನ್ನು ಜೀಪಿನ ಮೇಲೆ ಕೂರಿಸಬಹುದಾಗಿತ್ತು. 1965ರ ಸೆಪ್ಟೆಂಬರ್ 10ರಂದು ಪಂಜಾಬಿನ ಖೇಮ್ ಕರಣ್ ವಿಭಾಗದಲ್ಲಿ 4ನೇ ಗ್ರೆನೇಡಿಯರ್ಸ್‌ನ ಹವಾಲ್ದಾರ್ ಅಬ್ದುಲ್ ಹಮೀದ್ ಅವರು ಇಂತಹ ಜೀಪಿನಿಂದಲೇ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಎದುರಿಸಿ ಹುತಾತ್ಮರಾದರು; ಮರಣೋತ್ತರವಾಗಿ ಪರಮವೀರ ಚಕ್ರ ಪಡೆದರು. ಸ್ಮಾರಕಗಳಿಗೆ ಈ ಗನ್ನನ್ನೇ ಬಯಸುವುದು ಸಹಜವೇ ಆಗಿದೆ.

ಆದರೆ ಶಸ್ತ್ರಾಸ್ತ್ರ ಅಧಿನಿಯಮ, 1959ರ ಪ್ರಕರಣ 2ರಲ್ಲಿರುವ ‘ನಿಷೇಧಿತ ಶಸ್ತ್ರಾಸ್ತ್ರ’ದ ವ್ಯಾಖ್ಯೆಯಲ್ಲಿ ಟ್ಯಾಂಕ್ ನಿರೋಧಕ ಅಗ್ನ್ಯಾಯುಧಗಳು ಸ್ಪಷ್ಟವಾಗಿ ಸೇರಿವೆ. ಪ್ರಕರಣ 7ರನ್ವಯ ಕೇಂದ್ರ ಸರ್ಕಾರದ ವಿಶೇಷ ಅಧಿಕಾರವಿಲ್ಲದೆ ಇವುಗಳನ್ನು ಯಾರೂ ಹೊಂದುವಂತಿಲ್ಲ. 2019ರ ತಿದ್ದುಪಡಿಯ ನಂತರ ಉಲ್ಲಂಘನೆಗೆ ಕನಿಷ್ಠ 7 ವರ್ಷ, ಗರಿಷ್ಠ 14 ವರ್ಷ ಕಾರಾವಾಸ ಹಾಗೂ ಜುಲ್ಮಾನೆ ಇರುತ್ತದೆ. ಜಿಲ್ಲಾ ದಂಡಾಧಿಕಾರಿಗಳಿಗೆ ಅಥವಾ ಪೊಲೀಸ್ ಆಯುಕ್ತರಿಗೆ ಸಾಮಾನ್ಯ ನಮೂನೆಯಲ್ಲಿ ಅರ್ಜಿ ಸಲ್ಲಿಸುವುದರಿಂದ ಪ್ರಯೋಜನವಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೊಡಗಿನಲ್ಲಿ ಇರುವ ವಿನಾಯಿತಿಯು ರೈಫಲ್ ಮತ್ತು ನಯನಳಿಗೆಯ ಬಂದೂಕಿಗೆ ಸಂಬಂಧಿಸಿದ್ದು; ಫಿರಂಗಿಗಲ್ಲ.

ಹಾಗಾದರೆ ಸಂಗ್ರಹಕ್ಕೆ ದಾರಿಯೇ ಇಲ್ಲವೇ? ಇದೆ, ಆದರೆ ಕಿರಿದು. ಪ್ರಕರಣ 45ರ ಪ್ರಕಾರ, ಬಳಕೆತಪ್ಪಿದ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧವು ದುರಸ್ತಿ ಮಾಡಿದರೂ ಹಾರಿಸಲಾಗದ ಸ್ಥಿತಿಯಲ್ಲಿದ್ದರೆ ಅಧಿನಿಯಮವು ಅನ್ವಯಿಸುವುದಿಲ್ಲ. ಇಲ್ಲಿ ‘ದುರಸ್ತಿ ಮಾಡಿದರೂ’ ಎಂಬ ಮಾತೇ ಮುಖ್ಯ. ಹಿಂಬದಿಯ ಮುಚ್ಚಳವನ್ನು ಬಿಚ್ಚಿ ಗೋದಾಮಿನಲ್ಲಿಟ್ಟರೆ ಅಥವಾ ಹೊಡೆತದ ಪಿನ್ ತೆಗೆದರೆ ಸಾಲದು. ಅವನ್ನು ಮರಳಿ ಜೋಡಿಸಬಹುದಷ್ಟೆ. ಆದ್ದರಿಂದ ಸೇನೆಯೇ ನಿಷ್ಕ್ರಿಯಗೊಳಿಸಿ ಪ್ರದರ್ಶನಕ್ಕೆಂದು ನೀಡಿದ ಗನ್ನು ಮಾತ್ರ ನೆಮ್ಮದಿಯ ಸಂಗ್ರಹ ಎಂಬುದು ಈ ಶಾಖೆಯ ಅಭಿಪ್ರಾಯ. ಹಂಚಿಕೆ ಪತ್ರವನ್ನೂ, ಯಾವ ಭಾಗವನ್ನು ಹೇಗೆ ನಿಷ್ಕ್ರಿಯಗೊಳಿಸಲಾಗಿದೆ ಎಂಬ ದಾಖಲೆಯನ್ನೂ ಗನ್ನಿನ ಜೊತೆಯಲ್ಲಿಯೇ ಇಡತಕ್ಕದ್ದು. ಹತ್ತು ವರ್ಷಗಳ ನಂತರ ಪದಾಧಿಕಾರಿಗಳು ಬದಲಾದಾಗ ಅದೇ ಆಧಾರ.

ಅಂತರಜಾಲದಲ್ಲಿ ಅಮೆರಿಕದ ಖಾಸಗಿ ಸಂಗ್ರಾಹಕರ ಗನ್‌ಗಳನ್ನು ನೋಡಿ ಕೆಲವರು ತಪ್ಪು ಭಾವಿಸುವ ಸಂಭವವಿದೆ. ಅಲ್ಲಿಯೂ ಹಾರಿಸಬಲ್ಲ ಗನ್ನನ್ನು ಒಕ್ಕೂಟ ಸರ್ಕಾರದಲ್ಲಿ ‘ವಿನಾಶಕ ಸಾಧನ’ವೆಂದು ನೋಂದಾಯಿಸಬೇಕಾಗುತ್ತದೆ. ಅಲ್ಲಿನ ನೋಂದಣಿಗೆ ಇಲ್ಲಿ ಬೆಲೆಯಿಲ್ಲ. ಆಮದಿಗೂ ಪ್ರಕರಣ 10ರಡಿ ಪ್ರತ್ಯೇಕ ಪರವಾನಗಿ ಬೇಕು.

ಗನ್ನಿಗಿಂತ ಶೆಲ್ಲೇ ಹೆಚ್ಚು ಅಪಾಯಕಾರಿ. ಟ್ಯಾಂಕ್ ನಿರೋಧಕ ಶೆಲ್ಲಿನೊಳಗೆ ಲೋಹದ ಶಂಕು, ಅದರ ಹಿಂದೆ ಸ್ಫೋಟಕ ಇರುತ್ತದೆ, 106 ಮಿ.ಮೀ. ಶೆಲ್ಲಿನ ಮೂತಿಯಲ್ಲಿ ಪೆಟ್ಟು ಬಿದ್ದೊಡನೆ ವಿದ್ಯುತ್ ಹುಟ್ಟಿಸುವ ಹರಳಿನ ವ್ಯವಸ್ಥೆಯುಂಟು. ಲೋಹದ ಆಸೆಗೆ ಸುತ್ತಿಗೆ, ಗರಗಸ ಹಿಡಿಯುವವರು ಇದನ್ನು ಅರಿಯರು. ತುಕ್ಕು ಹಿಡಿದಿದೆ ಎಂದ ಮಾತ್ರಕ್ಕೆ ಶೆಲ್ ಸತ್ತಿಲ್ಲ. ಶೆಲ್‌ಗಳು ‘ನಿಷೇಧಿತ ಮದ್ದುಗುಂಡು’ಗಳಾಗಿದ್ದು, ಮದ್ದುಗುಂಡಿನ ಭಾಗಗಳನ್ನೂ ಕಾಯ್ದೆ ಹೆಸರಿಸಿರುವುದರಿಂದ ಖಾಲಿ ತೋಟೆ ಕೊಳ್ಳುವ ಮೊದಲೂ ಪೊಲೀಸ್ ಠಾಣೆಯಲ್ಲಿ ಲಿಖಿತವಾಗಿ ವಿಚಾರಿಸುವುದು ಸೂಕ್ತ.

ಹಿರಿಯರಿಂದ ಬಂದ ಮನೆಯಲ್ಲಾಗಲಿ, ಕೊಂಡ ಗುಜರಿಯಲ್ಲಾಗಲಿ ಇಂತಹ ಗನ್ ಅಥವಾ ಅದರ ಭಾಗ ದೊರೆತಲ್ಲಿ ವಿಳಂಬವಿಲ್ಲದೆ ಹತ್ತಿರದ ಠಾಣಾಧಿಕಾರಿಗೆ ತಿಳಿಸಿ ಒಪ್ಪಿಸಿ, ಸ್ವೀಕೃತಿ ಪಡೆಯತಕ್ಕದ್ದು. ಶೆಲ್ ಕಂಡುಬಂದಲ್ಲಿ ಮಾತ್ರ ಅದನ್ನು ಠಾಣೆಗೆ ಹೊತ್ತು ತರಬಾರದು. ಮುಟ್ಟದೆ, ಸುತ್ತಲಿನವರನ್ನು ದೂರ ಕಳುಹಿಸಿ, 112ಕ್ಕೆ ಕರೆ ಮಾಡತಕ್ಕದ್ದು.