ಎಂಟು ತಂತಿ, ನಾಲ್ಕು ಜೋಡಿ

ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿದ ಕೂಡಲೆ ನಡುಮನೆಯ ರೇಡಿಯೋ ಕರಕರನೆ ಅರಚುವುದನ್ನು ಕೇಳದವರು ನಮ್ಮಲ್ಲಿ ಯಾರು? ವಾರ್ತೆ ಓದುವವರ ದನಿ ಆ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಮಿಕ್ಸಿ ನಿಂತರೆ ಮತ್ತೆ ತೇಲಿ ಬರುತ್ತದೆ. ವಿದ್ಯುತ್ತಿನ ಹರಿವು ಏರಿಳಿಯುವ ಕಡೆಯೆಲ್ಲ ಸುತ್ತಲಿನ ಬಯಲಿನಲ್ಲೂ ಒಂದು ಕಲಕು ಏಳುತ್ತದೆ. ಹತ್ತಿರದಲ್ಲಿ ಯಾವ ತಂತಿ ಇದ್ದರೂ ಆ ಕಲಕು ಅದಕ್ಕೆ ತಗಲುತ್ತದೆ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ, ನಾನು ಈಗ ಹೇಳಹೊರಟಿರುವ ವಿಷಯ ಅರ್ಧ ತಿಳಿದಂತೆಯೇ ಸರಿ. ಅಂತರ್ಜಾಲದ ಪೆಟ್ಟಿಗೆಯಿಂದ, ಎಂದರೆ ರೂಟರಿನಿಂದ, ಕಂಪ್ಯೂಟರಿಗೆ ಹೋಗುವ ಈಥರ್ನೆಟ್ ಕೇಬಲ್ಲನ್ನು ಮನೆಯಲ್ಲಿ ನಾವೇ ಕಟ್ಟಿಕೊಳ್ಳುವುದು ಹೇಗೆ ಎಂಬುದೇ ಆ ವಿಷಯ.

ಕನ್ನಡ ಪಂಡಿತನಿಗೆ ಈ ಉಸಾಬರಿ ಏಕೆಂದು ನೀವು ಕೇಳಬಹುದು. ನಮ್ಮದು ಹಳೆಯ ಮನೆ. ಗೋಡೆಗಳು ಒಂದೂವರೆ ಅಡಿ ದಪ್ಪ. ರೂಟರು ಇರುವುದು ಹಜಾರದಲ್ಲಿ, ಮಗಳು ಓದಿಕೊಳ್ಳುವುದು ಮಹಡಿಯ ಕೋಣೆಯಲ್ಲಿ. ವೈಫೈ ಅಲ್ಲಿಗೆ ಏರುವಷ್ಟರಲ್ಲಿ ಸೋತು ಸುಣ್ಣವಾಗಿರುತ್ತದೆ. ಅವಳಿಗೆ ಒಂದು ಉದ್ಯೋಗದ ಸಂದರ್ಶನ ಗೊತ್ತಾಯಿತು. ಈಗಿನ ರೂಢಿಯಂತೆ ಕಂಪ್ಯೂಟರಿನ ಮುಂದೆ ಕುಳಿತೇ ಕೊಡತಕ್ಕದ್ದು. ನಾನೇ ಪೇಟೆಗೆ ಹೋಗಿ ಇಪ್ಪತ್ತು ಮೀಟರು ಕೇಬಲ್, ಹತ್ತು ಕನೆಕ್ಟರು, ಒಂದು ಕ್ರಿಂಪಿಂಗ್ ಇಕ್ಕಳ, ಒಂದು ಟೆಸ್ಟರು ತಂದೆ.

ಕೇಬಲ್ಲಿನ ಸಿಪ್ಪೆ ಸುಲಿದರೆ ಒಳಗೆ ಎಂಟು ಸಣ್ಣ ತಂತಿಗಳು. ಕಿತ್ತಳೆ, ಹಸಿರು, ನೀಲಿ, ಕಂದು ಎಂದು ನಾಲ್ಕು ಬಣ್ಣ. ಪ್ರತಿಯೊಂದು ಬಣ್ಣಕ್ಕೂ ಅದೇ ಬಣ್ಣದ ಗೆರೆಯುಳ್ಳ ಒಂದು ಬಿಳಿ ತಂತಿ ಜೊತೆಗಾರ. ಬಣ್ಣದ್ದೂ ಬಿಳಿಯದೂ ಜಡೆಯಂತೆ ಒಂದನ್ನೊಂದು ಸುತ್ತಿಕೊಂಡಿರುತ್ತವೆ. ನಾನು ಅವನ್ನು ಬಿಡಿಸಿ, ನನ್ನ ಕಣ್ಣಿಗೆ ಅಂದವಾಗಿ ಕಂಡ ಹಾಗೆ ಸಾಲಾಗಿ ಜೋಡಿಸಿದೆ: ಕಿತ್ತಳೆಯ ಎರಡು, ಹಸಿರಿನ ಎರಡು, ನೀಲಿಯ ಎರಡು, ಕಂದಿನ ಎರಡು. ಆಚೆಯ ತುದಿಯಲ್ಲೂ ಅದೇ ಕ್ರಮ. ಟೆಸ್ಟರಿಗೆ ಸಿಕ್ಕಿಸಿದಾಗ ಒಂದರಿಂದ ಎಂಟರವರೆಗೆ ದೀಪಗಳು ವರಸೆಯಾಗಿ ಹತ್ತಿದವು. ಹತ್ತಕ್ಕೆ ಹತ್ತು ಅಂಕ ಬಂತೆಂದು ಹಿಗ್ಗಿದೆ.

ಸಂದರ್ಶನದ ದಿನ ಎರಡನೆಯ ಪ್ರಶ್ನೆಗೇ ಎದುರಿನವರ ಮಾತು ತುಂಡು ತುಂಡಾಯಿತು. ಸಂಪರ್ಕ ಹೋಗುವುದು, ಬರುವುದು. ಮಗಳು ಲ್ಯಾಪ್‌ಟಾಪನ್ನು ಎತ್ತಿಕೊಂಡು ಹಜಾರಕ್ಕೆ ಇಳಿದು, ರೂಟರಿನ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತು ಉಳಿದ ಪ್ರಶ್ನೆಗಳಿಗೆ ಉತ್ತರ ಹೇಳಿದಳು. ಕೆಲಸ ಸಿಗಲಿಲ್ಲ. ಕೇಬಲ್ಲಿನಿಂದಲೇ ಹೀಗಾಯಿತೆಂದು ಅವಳು ಒಂದು ದಿನವೂ ಅನ್ನಲಿಲ್ಲ. ನಾನು ಮಾತ್ರ ಅಂದುಕೊಂಡೆ.

ನನ್ನಲ್ಲಿ ಓದಿದ ಹುಡುಗನೊಬ್ಬ ಈಗ ಮನೆಮನೆಗೆ ಈ ತಂತಿಗಳನ್ನು ಎಳೆಯುವ ಕಸುಬಿನಲ್ಲಿದ್ದಾನೆ. ಅವನನ್ನು ಕರೆಸಿದೆ. ಅವನು ಟೆಸ್ಟರನ್ನು ಮುಟ್ಟಲೇ ಇಲ್ಲ. ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿ, “ಸಾರ್, ಎಂಟೂ ಸೇರಿವೆ. ಆದರೆ ಜೋಡಿ ಒಡೆದುಬಿಟ್ಟಿದ್ದೀರಿ” ಎಂದ.

ಜೋಡಿ ಒಡೆಯುವುದೆಂದರೇನು? ಮಿಕ್ಸಿಯ ಗದ್ದಲವನ್ನು ಇಲ್ಲಿ ನೆನೆಯಿರಿ. ಈ ಕೇಬಲ್ಲಿನಲ್ಲಿ ಒಂದು ಸಂಕೇತವನ್ನು ಒಯ್ಯುವುದು ಒಂದು ತಂತಿಯಲ್ಲ, ಎರಡು. ಒಂದರಲ್ಲಿ ಏರಿದಷ್ಟು ಇನ್ನೊಂದರಲ್ಲಿ ಇಳಿಯುತ್ತದೆ. ಆಚೆ ತುದಿಯಲ್ಲಿರುವ ಯಂತ್ರ ಎರಡರ ನಡುವಣ ವ್ಯತ್ಯಾಸವನ್ನಷ್ಟೇ ಓದುತ್ತದೆ. ದಾರಿಯಲ್ಲಿ ಹೊರಗಿನ ಗದ್ದಲ ತಗಲಿದರೆ, ಒಂದನ್ನೊಂದು ಸುತ್ತಿಕೊಂಡಿರುವ ಎರಡು ತಂತಿಗಳಿಗೂ ಅದು ಹೆಚ್ಚುಕಡಮೆ ಸಮವಾಗಿ ತಗಲುತ್ತದೆ. ಎರಡಕ್ಕೂ ಸಮವಾಗಿ ಸೇರಿದ್ದು ವ್ಯತ್ಯಾಸ ತೆಗೆದಾಗ ಕಳೆದುಹೋಗುತ್ತದೆ. ಮಾತು ಉಳಿಯುತ್ತದೆ, ಗದ್ದಲ ಅಳಿಯುತ್ತದೆ. ದೂರವಾಣಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಈ ಹೊಸೆದ ಜೋಡಿಗೆ ೧೮೮೧ರಲ್ಲೇ ಹಕ್ಕುಪತ್ರ ಪಡೆದಿದ್ದ. ಕೇಬಲ್ಲಿನೊಳಗಿನ ನಾಲ್ಕು ಜೋಡಿಗಳೂ ಒಂದೇ ಬಿಗಿಯಲ್ಲಿ ಹೊಸೆದವಲ್ಲ. ಒಂದರ ಮಾತು ಇನ್ನೊಂದಕ್ಕೆ ಕೇಳದಿರಲೆಂದು ಸುತ್ತುಗಳ ಅಂತರವನ್ನು ಬೇರೆಬೇರೆಯಾಗಿ ಇಟ್ಟಿರುತ್ತಾರೆ.

ಇನ್ನು ಕನೆಕ್ಟರಿನಲ್ಲಿ ಎಂಟು ಮನೆಗಳಿವೆ. ಅಲ್ಲಿ ೧ ಮತ್ತು ೨ ಒಂದು ಜೋಡಿ. ೭ ಮತ್ತು ೮ ಒಂದು ಜೋಡಿ. ನಡುವೆ ಮಾತ್ರ ಒಂದು ವಿಚಿತ್ರ: ೪ ಮತ್ತು ೫ ಒಂದು ಜೋಡಿ, ಅದರ ಎಡಬಲದಲ್ಲಿರುವ ೩ ಮತ್ತು ೬ ಇನ್ನೊಂದು ಜೋಡಿ. ಇದು ದೂರವಾಣಿಯ ಕಾಲದಿಂದ ಬಂದ ವಾಡಿಕೆ. ಆ ಕನೆಕ್ಟರುಗಳಲ್ಲಿ ಮೊದಲನೆಯ ಲೈನು ನಟ್ಟನಡುವಿನ ಎರಡು ಮನೆಗಳಲ್ಲಿ, ಎರಡನೆಯದು ಅವುಗಳ ಇಕ್ಕೆಲದಲ್ಲಿ ಇರುತ್ತಿತ್ತು. ನಾನು ಹಸಿರಿನ ಎರಡನ್ನೂ ೩, ೪ರಲ್ಲಿ, ನೀಲಿಯ ಎರಡನ್ನೂ ೫, ೬ರಲ್ಲಿ ಕೂರಿಸಿದ್ದೆ. ಆದ್ದರಿಂದ ೩ ಮತ್ತು ೬ರ ಸಂಕೇತದ ಒಂದು ಕಾಲು ಹಸಿರಿನ ಜಡೆಯಲ್ಲಿ, ಇನ್ನೊಂದು ಕಾಲು ನೀಲಿಯ ಜಡೆಯಲ್ಲಿ ಸಿಕ್ಕಿಕೊಂಡಿತು. ಗದ್ದಲ ಸಮವಾಗಿ ತಗಲಲಿಲ್ಲ, ಕಳೆದೂ ಹೋಗಲಿಲ್ಲ. ಟೆಸ್ಟರಿಗೆ ಇದು ತಿಳಿಯದು. ಈ ತುದಿಯ ಒಂದು ಆ ತುದಿಯ ಒಂದಕ್ಕೆ ಮುಟ್ಟಿದೆಯೇ ಎಂದಷ್ಟೇ ಅದು ನೋಡುತ್ತದೆ.

ನಮ್ಮ ಪದಚ್ಛೇದದಲ್ಲೂ ಹೀಗೆಯೇ ಅಲ್ಲವೆ? “ಅವನಲ್ಲ” ಎಂದರೆ ಆ ಮನುಷ್ಯನಲ್ಲ ಎಂದರ್ಥ. “ಅವ ನಲ್ಲ” ಎಂದು ಒಡೆದರೆ ಅವನೇ ಪ್ರಿಯ! ಅಕ್ಷರ ಅವೇ, ಕ್ರಮವೂ ಅದೇ. ಜೊತೆ ತಪ್ಪಿದ್ದರಿಂದ ಅರ್ಥ ತಲೆಕೆಳಗಾಯಿತು.

ಈಗ ಸರಿಯಾದ ಕ್ರಮವನ್ನು ಹೇಳುತ್ತೇನೆ. ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ೧. ಬಿಳಿ-ಕಿತ್ತಳೆ, ೨. ಕಿತ್ತಳೆ, ೩. ಬಿಳಿ-ಹಸಿರು, ೪. ನೀಲಿ, ೫. ಬಿಳಿ-ನೀಲಿ, ೬. ಹಸಿರು, ೭. ಬಿಳಿ-ಕಂದು, ೮. ಕಂದು. ಇದಕ್ಕೆ ಟಿ ೫೬೮ ಬಿ ಎಂದು ಹೆಸರು. ಕಿತ್ತಳೆಯ ಜಾಗದಲ್ಲಿ ಹಸಿರು, ಹಸಿರಿನ ಜಾಗದಲ್ಲಿ ಕಿತ್ತಳೆ ಬರುವ ಟಿ ೫೬೮ ಎ ಎಂಬ ಇನ್ನೊಂದು ಕ್ರಮವೂ ಉಂಟು. ಯಾವುದಾದರೂ ಸರಿ, ಎರಡು ತುದಿಗೂ ಒಂದೇ ಇರಲಿ.

ಕೊಳ್ಳುವಾಗ ಕ್ಯಾಟ್ ೫ಇ ಅಥವಾ ಕ್ಯಾಟ್ ೬ ಎಂದು ಕೇಳಿ. ಮನೆಯ ಕೆಲಸಕ್ಕೆ ಮೊದಲನೆಯದು ಧಾರಾಳವಾಗಿ ಸಾಕು, ಸೆಕೆಂಡಿಗೆ ೧೦೦ ಕೋಟಿ ಸಂಕೇತಗಳನ್ನು ಒಯ್ಯಬಲ್ಲದು. ಅಪ್ಪಟ ತಾಮ್ರದ ತಂತಿಯೇ ಬೇಕೆಂದು ಹೇಳಿ. ಅಲ್ಯೂಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಮಾಲೂ ಮಾರಾಟಕ್ಕಿರುತ್ತದೆ. ಅದು ಬಾಗಿಸಿದರೆ ಮುರಿಯುವುದು ಹೆಚ್ಚು. ಆರ್‌ಜೆ ೪೫ ಎಂಬ ಹೆಸರಿನ ಕನೆಕ್ಟರುಗಳು ಕೇಬಲ್ಲಿಗೆ ಹೊಂದುವಂಥವಾಗಿರಲಿ. ಒಮ್ಮೆ ಒತ್ತಿದ ಕನೆಕ್ಟರನ್ನು ಮತ್ತೆ ಬಿಚ್ಚಲಾಗದು. ಆದ್ದರಿಂದ ನಾಲ್ಕು ಹೆಚ್ಚಾಗಿಯೇ ತನ್ನಿ.

ದಾರಿಯನ್ನು ಅಳೆದು, ಒಂದು ಮೊಳ ಹೆಚ್ಚು ಬಿಟ್ಟು ಕತ್ತರಿಸಿ. ಹೊರಸಿಪ್ಪೆಯನ್ನು ತುದಿಯಿಂದ ಒಂದು ಅಂಗುಲದಷ್ಟು ಸುತ್ತಲೂ ಮೆಲ್ಲಗೆ ಗೀರಿ ಎಳೆದು ತೆಗೆಯಿರಿ. ಒಳಗಿನ ತಂತಿಗಳ ಬಣ್ಣದ ಸಿಪ್ಪೆಗೆ ಗಾಯವಾಗಿದ್ದರೆ ಆ ತುದಿಯನ್ನೇ ಕತ್ತರಿಸಿ ಮತ್ತೆ ಮೊದಲು ಮಾಡಿ. ಆ ಬಣ್ಣದ ಸಿಪ್ಪೆಯನ್ನು ಮಾತ್ರ ಸುಲಿಯಕೂಡದು. ಕನೆಕ್ಟರಿನ ಚಿನ್ನದ ಬಣ್ಣದ ಹಲ್ಲುಗಳು ಅದನ್ನು ಚುಚ್ಚಿಕೊಂಡೇ ತಾಮ್ರವನ್ನು ಮುಟ್ಟುತ್ತವೆ. ಈಗ ತಂತಿಗಳನ್ನು ಬಿಡಿಸಿ, ಬೆರಳಿನಿಂದ ಉಜ್ಜಿ ನೆಟ್ಟಗೆ ಮಾಡಿ, ಚೀಟಿಯ ಕ್ರಮದಲ್ಲಿ ಒತ್ತಾಗಿ ಹಿಡಿದು, ಅರ್ಧ ಅಂಗುಲ ಉಳಿಯುವಂತೆ ತುದಿಗಳನ್ನು ಒಂದೇ ಏಟಿಗೆ ಸಮನಾಗಿ ಕತ್ತರಿಸಿ. ಅರ್ಧ ಅಂಗುಲಕ್ಕಿಂತ ಹೆಚ್ಚು ಜಡೆ ಬಿಚ್ಚಬಾರದು. ಬಿಚ್ಚಿದಷ್ಟೂ ಗದ್ದಲಕ್ಕೆ ಬಾಗಿಲು ತೆರೆದಂತೆ.

ಕನೆಕ್ಟರನ್ನು ಅದರ ಚಿಲಕ ಕೆಳಗೆ, ಬಾಯಿ ನಿಮ್ಮ ಕಡೆಗೆ ಇರುವಂತೆ ಹಿಡಿಯಿರಿ. ಎಡಗಡೆಯದೇ ಒಂದನೆಯ ಮನೆ. ತಂತಿಗಳನ್ನು ಕೊನೆಯವರೆಗೂ ತಳ್ಳಿ, ಮೂತಿಯ ಕಡೆಯಿಂದ ಎಂಟು ತಾಮ್ರದ ಚುಕ್ಕೆಗಳು ಕಾಣುತ್ತವೆಯೇ, ಹೊರಸಿಪ್ಪೆ ಕನೆಕ್ಟರಿನ ಒಳಗೆ ಹೊಕ್ಕಿದೆಯೇ ಎಂದು ನೋಡಿ. ಸಿಪ್ಪೆ ಹೊರಗೇ ಉಳಿದರೆ, ಕೇಬಲ್ಲನ್ನು ಎಳೆದಾಗಲೆಲ್ಲ ಭಾರ ಬೀಳುವುದು ಆ ಸಣ್ಣ ತಂತಿಗಳ ಮೇಲೆ. ಎಲ್ಲವೂ ಸರಿಯಿದ್ದರೆ ಇಕ್ಕಳದ ಬಾಯಿಗೆ ಕೊಟ್ಟು ಗಟ್ಟಿಯಾಗಿ ಒತ್ತಿ. ಇನ್ನೊಂದು ತುದಿಗೂ ಹೀಗೆಯೇ. ಆಮೇಲೆ ಟೆಸ್ಟರು, ಅದು ಪಾಸು ಮಾಡಿದ ಮೇಲೂ ಬಣ್ಣಗಳನ್ನು ಚೀಟಿಯೊಡನೆ ಕಣ್ಣಾರೆ ಹೋಲಿಸತಕ್ಕದ್ದು.

ಎಚ್ಚರಿಕೆಯ ಮಾತು ಮೂರು. ಕೆಲಸ ಮಾಡುವಾಗ ಕೇಬಲ್ಲಿನ ಎರಡು ತುದಿಯೂ ಯಾವ ಯಂತ್ರಕ್ಕೂ ಸಿಕ್ಕಿಸಿರಬಾರದು. ಕೆಲವು ಕ್ಯಾಮರಾಗಳಿಗೆ ಇದೇ ತಂತಿಯಲ್ಲಿ ವಿದ್ಯುತ್ತೂ ಹೋಗುತ್ತದೆ. ಮನೆಯ ಕರೆಂಟಿನ ವೈರಿನ ಪಕ್ಕಪಕ್ಕದಲ್ಲೇ ಇದನ್ನು ಒಯ್ಯಬೇಡಿ. ದಾಟಲೇಬೇಕಾದರೆ ಅಡ್ಡಲಾಗಿ ದಾಟಿಸಿ. ಸಿಡಿಲಿನ ಭಯವಿರುವುದರಿಂದ ಒಂದು ಮನೆಯಿಂದ ಇನ್ನೊಂದು ಮನೆಗೆ ಬಯಲಿನಲ್ಲಿ ಎಳೆಯಬೇಡಿ. ಒಟ್ಟು ಉದ್ದ ೧೦೦ ಮೀಟರು ಮೀರಬಾರದೆಂಬುದು ನಿಯಮ. ಮನೆಗಳಲ್ಲಿ ಅಷ್ಟು ಬೇಕಾಗುವುದೂ ಇಲ್ಲ.

ಹೆಸರಿನ ವಿಷಯವಾಗಿ ಒಂದು ಮಾತು. ಬೆಳಕಿನ ಅಲೆಗಳನ್ನು ಹೊತ್ತೊಯ್ಯುವ ಈಥರ್ ಎಂಬ ಸೂಕ್ಷ್ಮದ್ರವ್ಯ ಜಗತ್ತನ್ನೆಲ್ಲ ತುಂಬಿದೆಯೆಂದು ಹಿಂದಿನ ವಿಜ್ಞಾನಿಗಳು ನಂಬಿದ್ದರು. ೧೮೮೭ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ಹುಡುಕಿದಾಗ ಅದರ ಸುಳಿವು ಸಿಗಲಿಲ್ಲ. ಆದರೂ ೧೯೭೩ರಲ್ಲಿ ಅಮೆರಿಕದ ಪಾಲೋ ಆಲ್ಟೋದಲ್ಲಿದ್ದ ಜೆರಾಕ್ಸ್ ಸಂಶೋಧನಾಲಯದ ರಾಬರ್ಟ್ ಮೆಟ್‌ಕಾಫ್ ಕಂಪ್ಯೂಟರುಗಳನ್ನು ಬೆಸೆಯುವ ತನ್ನ ಜಾಲಕ್ಕೆ ಆ ಹೆಸರನ್ನೇ ಇಟ್ಟ. ಆಗಿನದು ದಪ್ಪನೆಯ ಒಂಟಿ ಕೇಬಲ್. ಹೊಸೆದ ಜೋಡಿಗೆ ಇದರ ನಿಯಮಗಳು ಗೊತ್ತಾದದ್ದು ೧೯೯೦ರಲ್ಲಿ. ನಮ್ಮ ಶಾಸ್ತ್ರಕಾರರು ಶಬ್ದಕ್ಕೆ ಆಶ್ರಯ ಆಕಾಶ ಎಂದರು. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲೇ ಆರಂಭಿಸಿದ ಬಾನುಲಿ ನಿಲಯಕ್ಕೆ ಒಪ್ಪಿದ ಹೆಸರು ಆಕಾಶವಾಣಿ. ನಿಮ್ಮ ಮನೆಯ ರೇಡಿಯೋಕ್ಕೂ ಈ ಕೇಬಲ್ಲಿಗೂ ಹೆಸರಿನಲ್ಲಾದರೂ ದಾಯಾದಿ ಸಂಬಂಧ ಉಂಟು.

ಹಳೆಯ ಕನೆಕ್ಟರುಗಳನ್ನು ಕತ್ತರಿಸಿ, ಅದೇ ಕೇಬಲ್ಲಿಗೆ ಹೊಸವನ್ನು ಹಾಕಿದೆ. ಕತ್ತರಿಸಿದ ಒಂದನ್ನು ಎಸೆಯದೆ ಸೀಮೆಸುಣ್ಣದ ಡಬ್ಬಿಯಲ್ಲಿಟ್ಟಿದ್ದೇನೆ. ತರಗತಿಯಲ್ಲಿ ಪದಚ್ಛೇದದ ಪಾಠಕ್ಕೆ ಬರುತ್ತದೆ. ಮುಂದಿನ ಸಂದರ್ಶನವನ್ನು ಮಗಳು ಮಹಡಿಯ ಕೋಣೆಯಲ್ಲೇ ಕೊಟ್ಟಳು. ಮುಕ್ಕಾಲು ಗಂಟೆ ಬಾಗಿಲಿನಾಚೆ ನಿಂತು ಕೇಳಿದೆ. ಕೆಳಗೆ ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿತ್ತು. ಮೇಲೆ ಒಂದು ಅಕ್ಷರವೂ ಕತ್ತರಿಸಲಿಲ್ಲ. ಫಲಿತಾಂಶ ಇನ್ನೂ ಬರಬೇಕು.