ತಲೆಗೆ ಗುಳಿಗಿ, ಸೊಂಟಕ್ಕೆ ಟೇಪು

‘ಈಗ ಮೈ ಹಿಡದಾನ್ರಿ, ಮಾರಿ ಮ್ಯಾಲೆ ಕಳೆ ಬಂದೈತಿ.’ ಮಗನಿಗೆ ಮನೋರೋಗದ ಗುಳಿಗಿ ಶುರುವಾಗಿ ಎರಡು–ಮೂರು ತಿಂಗಳಾದಾಗ ಹುಬ್ಬಳ್ಳಿ–ಧಾರವಾಡದ ಕಡೆಯ ತಾಯಂದಿರ ಬಾಯಲ್ಲಿ ಬರುವ ಮಾತಿದು. ಊಟ, ನಿದ್ದೆ ಬಿಟ್ಟು ಗೋಡೆ ನೋಡುತ್ತ ಕೂತಿದ್ದವನು ಮತ್ತೊಂದು ರೊಟ್ಟಿ ಕೇಳಿದರೆ ಯಾರಿಗೆ ಖುಷಿಯಾಗದು? ಆದರೆ ಆ ಹಸಿವಿನಲ್ಲಿ ಚೇತರಿಕೆಯ ಪಾಲು ಎಷ್ಟೋ, ಗುಳಿಗಿಯ ಪಾಲೂ ಅಷ್ಟೇ ಇರಬಹುದು.

ಒಲಾಂಜಪಿನ್, ಕ್ಲೋಜಪಿನ್‌ನಂಥ ಔಷಧಗಳು ಭ್ರಮೆ ತಗ್ಗಿಸುತ್ತಲೇ ಮಿದುಳಿನಲ್ಲಿ ಹಸಿವನ್ನು ಹದ್ದುಬಸ್ತಿನಲ್ಲಿಡುವ ಹಿಸ್ಟಮಿನ್, ಸೆರೊಟೊನಿನ್ ಸಂಕೇತಗಳನ್ನೂ ತಡೆಯುತ್ತವೆ. ಎಷ್ಟು ಉಂಡರೂ ತೃಪ್ತಿಯಿಲ್ಲ. ಇಂಥ ಔಷಧ ಮೊದಲ ಸಲ ತೆಗೆದುಕೊಂಡ 4ರಿಂದ 19 ವರ್ಷದವರ ಅಧ್ಯಯನವೊಂದು 2009ರಲ್ಲಿ ಅಮೆರಿಕದ ‘ಜಾಮಾ’ ಪತ್ರಿಕೆಯಲ್ಲಿ ಬಂತು. ಸುಮಾರು 11 ವಾರಗಳಲ್ಲಿ ಒಲಾಂಜಪಿನ್ ಪಡೆದವರ ತೂಕ ಸರಾಸರಿ 8.5 ಕೆ.ಜಿ., ಅರಿಪಿಪ್ರಜೋಲ್ ಪಡೆದವರದು 4.4 ಕೆ.ಜಿ. ಏರಿತ್ತು. ಅಂದರೆ ಗುಳಿಗಿಯ ಆಯ್ಕೆಯಲ್ಲೇ ಅರ್ಧ ಲೆಕ್ಕವಿದೆ.

ಮನೆತನದಲ್ಲಿ ಸಕ್ಕರೆ ಕಾಯಿಲೆಯಿದ್ದರೆ, ಹುಡುಗಿಗೆ ಮೊದಲೇ ಪಿಸಿಒಡಿ (ಅಂಡಾಶಯದ ತೊಂದರೆ) ಇದ್ದರೆ ಈ ಲೆಕ್ಕ ಇನ್ನೂ ಬಿಗಿ. ಮೂಡ್ ಏರುಪೇರಿಗೂ ಮೂರ್ಛೆರೋಗಕ್ಕೂ ಕೊಡುವ ವ್ಯಾಲ್ಪ್ರೊಯೇಟ್‌ನದು ಬೇರೆಯೇ ಕಥೆ. ತೂಕ, ಮುಟ್ಟಿನ ತೊಂದರೆ ಒಂದು ಕಡೆ. ಹುಟ್ಟಿನಿಂದಲೇ ಯೂರಿಯಾ ಚಕ್ರದ, ಅಂದರೆ ಮೈಯ ಅಮೋನಿಯಾ ಕಳೆಯುವ ವ್ಯವಸ್ಥೆಯ, ದೋಷವಿದ್ದವರ ರಕ್ತದಲ್ಲಿ ಅಮೋನಿಯಾ ಏರಿ ಜೀವಕ್ಕೇ ಅಪಾಯವಾಗಬಹುದು. ವಂಶದಲ್ಲಿ ಇಳಿದುಬರುವ ಇಂಥ ದೋಷಗಳು ಅಪರೂಪವೇ ಸರಿ. ಆದರೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ನಮ್ಮ ಸೀಮೆಯಲ್ಲಿ ‘ಮನೆಯಲ್ಲಿ ಕೂಸುಗಳು ಕಾರಣ ತಿಳಿಯದೆ ತೀರಿಕೊಂಡಿದ್ದುಂಟೇ?’ ಎಂಬ ಪ್ರಶ್ನೆ ಚೀಟಿ ಬರೆಯುವ ಮೊದಲೇ ಬರಬೇಕು.

ನನಗೆ ಹೆಚ್ಚು ದಿಗಿಲು ಹುಟ್ಟಿಸುವುದು ಸಕ್ಕರೆಯಲ್ಲ, ಕನ್ನಡಿ. ಧಾರವಾಡದ ಸಪ್ತಾಪುರದ ಕೋಚಿಂಗ್ ಕ್ಲಾಸಿಗೆ ಹೋಗುವ ವಯಸ್ಸಿನ ಹುಡುಗಿ ಚೂಡಿದಾರ ಬಿಗಿಯಾಯಿತೆಂದು ಮನೆಯವರಿಗೆ ಹೇಳದೆ ಗುಳಿಗಿ ನಿಲ್ಲಿಸಿಬಿಡುತ್ತಾಳೆ. ಕಾಯಿಲೆ ಮರುಕಳಿಸುತ್ತದೆ. ‘ಔಷಧ ಸರಿಯಾಗಿ ತಗೊಳ್ಳಲಿಲ್ಲ’ ಎಂದು ಬೈಗುಳವೂ ಅವಳಿಗೇ. ತೂಕದ ಮಾತನ್ನು ಮೊದಲೇ ಆಡಿದ್ದರೆ ಗುಳಿಗಿ ಬದಲಿಸುವ, ಸಕ್ಕರೆ ಕಾಯಿಲೆಯ ಗುಳಿಗಿ ಮೆಟ್ಫಾರ್ಮಿನ್ ಸೇರಿಸುವ ದಾರಿಗಳಿದ್ದವು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 22ನೇ ಕಲಂ ಚಿಕಿತ್ಸೆಯ ಅಡ್ಡಪರಿಣಾಮವನ್ನು ರೋಗಿಗೆ ತಿಳಿಯುವ ಭಾಷೆಯಲ್ಲೇ ಹೇಳಬೇಕೆನ್ನುತ್ತದೆ. ಇಲ್ಲಿ ಅದು ಕನ್ನಡ, ಅದೂ ಧಾರವಾಡದ ಕನ್ನಡ.

ಅಮೆರಿಕದ ಮಧುಮೇಹ ಮತ್ತು ಮನೋವೈದ್ಯ ಸಂಘಗಳು 2004ರಲ್ಲೇ ಒಲಾಂಜಪಿನ್‌ನಂಥ ಗುಳಿಗಿ ಪಡೆಯುವವರ ತಪಾಸಣೆಗೆ ಕ್ರಮ ಹಾಕಿಕೊಟ್ಟಿವೆ: ಶುರುವಿಗೆ ತೂಕ, ಸೊಂಟದ ಸುತ್ತಳತೆ, ಬಿ.ಪಿ., ಖಾಲಿ ಹೊಟ್ಟೆಯ ಸಕ್ಕರೆ, ಕೊಬ್ಬು. 4, 8, 12ನೇ ವಾರ ಮತ್ತೆ ತೂಕ. 12ನೇ ವಾರಕ್ಕೆ ರಕ್ತಪರೀಕ್ಷೆ. ಕಾಟಾ, ಟೇಪು ಇಲ್ಲದ ದವಾಖಾನೆ ಯಾವುದು? ತೊಡಕಿರುವುದು ನಡುವಿನ ದಾರಿಯಲ್ಲಿ: ಮನಸ್ಸಿಗೆ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ, ಸಕ್ಕರೆಗೆ ಹುಬ್ಬಳ್ಳಿಯ ಇನ್ನೊಬ್ಬ ಡಾಕ್ಟರು ಎಂದಾದರೆ ಒಬ್ಬರ ಚೀಟಿ ಇನ್ನೊಬ್ಬರ ಮೇಜು ತಲುಪುವುದು ತಂದೆ–ತಾಯಿ ಹಿಡಿದು ಹೋದರಷ್ಟೇ. ಎರಡೂ ಒಂದೇ ಫೈಲಿನಲ್ಲಿರಲಿ. ಮೊದಲ ದಿನದ ತೂಕ ಮೊದಲ ಹಾಳೆಯ ಮೇಲೆ.